ಮೀನಿನ ಭಟ್ರ ಸಹಿ

ಕಾಲೇಜಿಗೆ ಸೇರುವ ದಿನದವರೆಗೂ ನನಗೆ ಪರಿಚಯವಿದ್ದ ಮೀನುಗಳೆಂದರೆ ದೇವಸ್ಥಾನದ ಕೆರೆಯವು ಮಾತ್ರ. ನಾವು ಹೊದಳು ಹಾಕುತ್ತಿದ್ದೆವು, ಅವು ಬಾಯಿ ತೆರೆಯುತ್ತಿದ್ದವು, ನಮಗೆ ಪುಣ್ಯ ಬರುತ್ತಿತ್ತು. ಅಷ್ಟಕ್ಕೆ ನಮ್ಮ ಸಂಬಂಧ ಮುಗಿಯುತ್ತಿತ್ತು. ಅಂಥ ನನ್ನನ್ನು ಸರ್ಕಾರ ನಾಲ್ಕು ವರ್ಷ ಕೂರಿಸಿ ಓದಿಸಿ, ಕಾಪುವಿನ ಕಡಲತೀರದಲ್ಲಿ ತಲೆತಲಾಂತರದಿಂದ ಮೀನು ಹಿಡಿಯುತ್ತ ಬಂದವರಿಗೆ ಮೀನಿನ ವಿಷಯ ಹೇಳಿಕೊಡಲು ಕಳುಹಿಸಿತು. ಈಗ ಹೇಳಿದರೆ ಜನ ನಗುತ್ತಾರೆ. ಆಗ ಯಾರೂ ನಗಲಿಲ್ಲ. ಅದು ಸರ್ಕಾರಿ ಆದೇಶವಾಗಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಅಪ್ಪ ಕಾರ್ಕಳದ ಕಡೆಯ ಒಂದು ದೇವಸ್ಥಾನದಲ್ಲಿ ಅಡುಗೆಯವರು. ನಾನು ವಿಜ್ಞಾನದಲ್ಲಿ ಪಿಯುಸಿ ಪಾಸಾಗಿದ್ದೆ. ಅಂಕಗಳು ತೀರಾ ಕೆಟ್ಟದಾಗಿರಲಿಲ್ಲ, ಹೇಳಿಕೊಳ್ಳುವಂತೆಯೂ ಇರಲಿಲ್ಲ. ಅಮ್ಮನ ತಮ್ಮ, ಅಂದರೆ ನನ್ನ ಮಾವ, ಶಾಲಾ ಮೇಷ್ಟ್ರು. ಪರ್ಕಳದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಅವರ ಮನೆಗೆ ಹೋದಾಗಲೆಲ್ಲ ಮಣಿಪಾಲದಲ್ಲಿ ಬಸ್ಸು ಹತ್ತಿ ಇಳಿಯುವ ಬಿಳಿ ಕೋಟಿನ ಹುಡುಗರನ್ನು ಕಂಡು ನಾನು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಅಲ್ಲಿ ಓದುವ ಖರ್ಚು ಎಷ್ಟೆಂದು ಯಾರೋ ಹೇಳಿದ್ದನ್ನು ಕೇಳಿ ಅಪ್ಪ, "ನಮ್ಮ ದೇವರಿಗೇ ಅಷ್ಟು ಕಾಣಿಕೆ ಬರುವುದಿಲ್ಲ" ಎಂದಿದ್ದರು. ಅಲ್ಲಿಗೆ ಬಿಳಿ ಕೋಟಿನ ಆಸೆ ಮಡಚಿಟ್ಟೆ.

ಒಂದು ದಿನ ಮಾವ ಪತ್ರಿಕೆ ಹಿಡಿದುಕೊಂಡು ಕಾರ್ಕಳಕ್ಕೇ ಬಂದರು.

"ಇಲ್ಲಿ ನೋಡಿ ಭಾವ. ರಾಜ್ಯಕ್ಕೆ ಮೀನುಗಾರಿಕೆ ಓದಿದ ಜನ ಬೇಕಂತೆ. ಸರ್ಕಾರದ್ದೇ ವಿಶ್ವವಿದ್ಯಾಲಯ, ಫೀಸು ಕಡಿಮೆ. ಇವ ಓದಿ ಮುಗಿಸುವುದರೊಳಗೆ ಕೆಲಸ ಬಾಗಿಲಲ್ಲಿ ಬಂದು ನಿಂತಿರ್ತದೆ."

"ಮೀನಾ?" ಎಂದರು ಅಪ್ಪ.

"ಮೀನು ಅಂತ ಯಾಕೆ ಹೇಳ್ತೀರಿ? ಮತ್ಸ್ಯ ಅಂತ ಹೇಳಿ. ದೇವರ ಮೊದಲನೆಯ ಅವತಾರ ಎಂತ?"

ದಶಾವತಾರವನ್ನೇ ತಂದು ಎದುರಿಗಿಟ್ಟರೆ ದೇವಸ್ಥಾನದ ಅಡುಗೆಯವರು ಏನು ಮಾತಾಡಿಯಾರು? ಅಪ್ಪ ಒಪ್ಪಿದರು. ಅವರದ್ದು ಒಂದೇ ಷರತ್ತು, ತಿನ್ನಬಾರದು. ಅಮ್ಮನದ್ದೂ ಒಂದೇ, ಯಾರಿಗೂ ಹೇಳಬಾರದು. ನೆರೆಹೊರೆಯವರಿಗೆ ಅಮ್ಮ ನಾನು ಸಮುದ್ರದ ಕುರಿತು ಓದುತ್ತಿದ್ದೇನೆ ಎಂದು ಹೇಳಿಕೊಂಡು ನಾಲ್ಕು ವರ್ಷ ದಾಟಿಸಿದರು. ರಜೆಯಲ್ಲಿ ಊರಿಗೆ ಬಂದರೆ ನಾನು ನೇರ ಬಾವಿಕಟ್ಟೆಗೆ ಹೋಗಬೇಕಿತ್ತು, ಪುಸ್ತಕಗಳು ಜಗಲಿಯಲ್ಲೇ ಉಳಿಯಬೇಕಿತ್ತು. ಪುಸ್ತಕಗಳು ಮೀನು ತಿಂದಿರಲಿಲ್ಲವಾದರೂ ಸಹವಾಸದೋಷ ಎಂಬುದೊಂದಿದೆಯಲ್ಲ.

ತರಗತಿಯಲ್ಲಿ ನನ್ನಂಥವರೇ ಹೆಚ್ಚು. ವೈದ್ಯಕೀಯ ಸಿಗದವರು, ಎಂಜಿನಿಯರಿಂಗ್ ಸಿಗದವರು, ಬಯಲುಸೀಮೆಯಿಂದ ಬಂದು ಕಡಲನ್ನು ಮೊದಲ ಸಲ ನೋಡಿದವರು. ರಾಜ್ಯದ ಬೇಡಿಕೆಯನ್ನು ಪೂರೈಸಲು ನಾವೆಲ್ಲ ಹೀಗೆ ದಂಡು ಕಟ್ಟಿಕೊಂಡು ಬಂದಿದ್ದೆವು. ಮೀನು ಹಿಡಿಯುವ ಮನೆಗಳಿಂದ ಬಂದವರು ಇಬ್ಬರೋ ಮೂವರೋ ಇದ್ದರು. ಇಂಗ್ಲಿಷ್ ಪಾಠದಲ್ಲಿ ಅವರು ನಮ್ಮೆಲ್ಲರಿಗಿಂತ ಹಿಂದೆ, ಮೀನನ್ನು ಕೈಗೆತ್ತಿಕೊಂಡರೆ ಮೇಷ್ಟ್ರುಗಳಿಗಿಂತಲೂ ಮುಂದೆ. ಅಂಕ ಬೀಳುತ್ತಿದ್ದದ್ದು ಇಂಗ್ಲಿಷಿಗೆ. ಬಂಗುಡೆಗೆ, ಬೂತಾಯಿಗೆ, ಅಂಜಲಿಗೆ ಇರುವ ಲ್ಯಾಟಿನ್ ಹೆಸರುಗಳನ್ನೆಲ್ಲ ನಾನು ಬೆಳಿಗ್ಗೆ ಎದ್ದು ಸಹಸ್ರನಾಮದ ರಾಗದಲ್ಲಿ ಹೇಳಿಕೊಳ್ಳುತ್ತಿದ್ದೆ. ಅರ್ಥ ಕೇಳದೆ ಮಂತ್ರ ಬಾಯಿಪಾಠ ಮಾಡಿದ ಮನೆಯವನಿಗೆ ಲ್ಯಾಟಿನ್ ಏನು ಮಹಾ? ಪ್ರಥಮ ದರ್ಜೆಯಲ್ಲಿ ಪಾಸಾದೆ. ಮಾವ ಹೇಳಿದಂತೆ ಕೆಲಸ ಬಾಗಿಲಿಗೆ ಬಂತು, ಒಂದೂವರೆ ವರ್ಷ ತಡವಾಗಿ.

ಉಡುಪಿಯ ಬನ್ನಂಜೆಯಲ್ಲಿ ಒಂದು ಕೋಣೆ ಹಿಡಿದೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಕಟಪಾಡಿ ದಾಟಿ, ಕಾಪುವಿನಲ್ಲಿ ಇಳಿಯುತ್ತಿದ್ದೆ. ಆಗಿನ್ನೂ ಅಲ್ಲಿ ರಂಪಣಿ ಬಲೆ ಬಿಡುತ್ತಿದ್ದರು. ದೋಣಿಯಲ್ಲಿ ಹೋಗಿ ಭಾರೀ ಉದ್ದದ ಬಲೆಯನ್ನು ಕಡಲಿನಲ್ಲಿ ಸುತ್ತು ಬಿಟ್ಟು ಬರುವುದು, ಆಮೇಲೆ ದಡದಲ್ಲಿ ಎರಡೂ ಕಡೆಯ ಹಗ್ಗವನ್ನು ಊರಿಗೆ ಊರೇ ಹಿಡಿದು ಎಳೆಯುವುದು. ಹೋದ ಮೊದಲ ದಿನವೇ ನಾನು ನೋಟ್ ಪುಸ್ತಕ ಹಿಡಿದು ಅದನ್ನು ನೋಡುತ್ತ ನಿಂತೆ. ರಂಪಣಿ ತಂಡದ ಹಿರಿಯರು ನನ್ನ ಹತ್ತಿರ ಬಂದರು.

"ಸುಮ್ಮನೆ ನಿಂತು ನೋಡುವುದು ಎಂತಕ್ಕೆ ಭಟ್ರೇ? ಕೈ ಹಾಕಿ."

ನನ್ನ ಜಾತಿ ಅವರಿಗೆ ಹೇಗೆ ಗೊತ್ತಾಯಿತು ಎಂದು ಆಶ್ಚರ್ಯವಾಯಿತು. ಮೀನಿನಿಂದ ನಾಲ್ಕು ಮಾರು ದೂರ ನಿಂತ ಮೀನುಗಾರಿಕೆ ಅಧಿಕಾರಿಯನ್ನು ಕಂಡರೆ ಯಾರಿಗಾದರೂ ಗೊತ್ತಾಗುತ್ತದೆ ಎಂಬುದು ಆಮೇಲೆ ಹೊಳೆಯಿತು. ನಮ್ಮ ಮಾತುಗಳೆಲ್ಲ ತುಳುವಿನಲ್ಲೇ ನಡೆಯುತ್ತಿದ್ದವು, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ನಾನು ಚಪ್ಪಲಿ ಬಿಟ್ಟು ಹಗ್ಗ ಹಿಡಿದೆ. ಬಲೆ ದಡ ಸೇರುವಷ್ಟರಲ್ಲಿ ಅಂಗೈ ಚರ್ಮ ಸುಲಿದಿತ್ತು. ಮೀನು ಹಂಚುವ ಹೊತ್ತಿಗೆ ನನ್ನ ಕಾಲ ಬುಡದಲ್ಲೂ ಒಂದು ರಾಶಿ ಬಂಗುಡೆ ಬಂದು ಬಿತ್ತು. ಬೇಡ ಎಂದೆ. ಎಲ್ಲರ ಮುಖ ಗಂಭೀರವಾಯಿತು. ಹಗ್ಗಕ್ಕೆ ಕೈ ಹಾಕಿದವರಿಗೆ ಪಾಲು ಉಂಟು. ದಾರಿಹೋಕನಿರಲಿ, ಅಧಿಕಾರಿ ಇರಲಿ, ಪಾಲು ಬೇಡ ಎಂದು ಹೇಳುವ ಕ್ರಮ ಇಲ್ಲ.

ಆಗ ಮೀನು ಮಾರುವ ಹೆಂಗಸೊಬ್ಬಳು ಮುಂದೆ ಬಂದು ರಾಶಿಯನ್ನು ತನ್ನ ಬುಟ್ಟಿಗೆ ತುಂಬಿಕೊಂಡಳು. "ಭಟ್ರು ಒದ್ದಾಡುವುದು ಬೇಡ. ಇದು ನನಗಿರಲಿ. ನಾಳೆ ಇವರಿಗೆ ಬಸಳೆ ತಂದುಕೊಡ್ತೇನೆ" ಎಂದಳು. ಅವಳ ಗಂಡ ರಂಪಣಿಯ ಹಗ್ಗ ಎಳೆಯುವವನು. ಅವಳು ದಿನಾ ಬುಟ್ಟಿ ಹೊತ್ತು ಕಟಪಾಡಿಯ ಪೇಟೆಗೆ ಹೋಗುವವಳು. ವಯಸ್ಸಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅಂದಿನಿಂದ ನನ್ನ ಪಾಲಿನ ಮೀನು ಅವಳಿಗೆ, ಅವಳ ಹಿತ್ತಿಲ ಬಸಳೆ ನನಗೆ. ಊರಿನಲ್ಲಿ ನನಗೆ ಮೀನಿನ ಭಟ್ರು ಎಂಬ ಹೆಸರು ಬಿತ್ತು. ಬನ್ನಂಜೆಯ ಮನೆಯೊಡತಿಗೆ ಆ ಬಸಳೆಯ ಮೇಲೆ ಮೋಹ.

"ಎಂಥಾ ಚಿಗುರು! ಎಲ್ಲಿಂದ ತರ್ತೀರಿ?"

"ಇಲಾಖೆಯಿಂದ."

"ಇಲಾಖೆಯಲ್ಲಿ ಬಸಳೆಯೂ ಕೊಡ್ತಾರಾ?"

ಆ ಬಸಳೆಯ ಬುಡಕ್ಕೆ ದಿನಾ ಮೀನು ತೊಳೆದ ನೀರು ಬೀಳುತ್ತಿತ್ತು. ಅದನ್ನು ನಾನು ಹೇಳಲಿಲ್ಲ. ಮಡಿಯುಟ್ಟು ಬಡಿಸಿದ ಬಸಳೆ ಹುಳಿಯನ್ನು ಇಬ್ಬರೂ ಚಪ್ಪರಿಸಿ ಉಂಡೆವು.

ನನ್ನ ನಿಜವಾದ ಕೆಲಸ ತರಬೇತಿ ಕೊಡುವುದು. ತಿಂಗಳಿಗೊಮ್ಮೆ ಹೆಂಗಸರನ್ನು ಸೇರಿಸಿ, ಗೋಡೆಗೆ ಬಣ್ಣದ ಪಟ ತೂಗುಹಾಕಿ, ತಾಜಾ ಮೀನನ್ನು ಗುರುತಿಸುವುದು ಹೇಗೆ ಎಂದು ಹೇಳಬೇಕಿತ್ತು. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಒತ್ತಿದರೆ ಗುಳಿ ಬೀಳಬಾರದು. ಅಜ್ಜಿಗೆ ಕೆಮ್ಮು ಕಲಿಸುವುದು ಎಂದರೆ ಇದೇ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

"ಭಟ್ರೇ, ಬಾಯಿಗೆ ಹಾಕದ್ದು ಹಾಳಾಗಿದೆಯೋ ಇಲ್ಲವೋ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದಳು ಅಕ್ಕ.

"ಪುಸ್ತಕದಲ್ಲಿ ಉಂಟು ಅಕ್ಕ."

"ಹಾಗಾದ್ರೆ ಪುಸ್ತಕವನ್ನೇ ಬೇಯಿಸಿ ತಿನ್ನಿ."

ಅವಳಿಗೆ ಒಬ್ಬಳೇ ಮಗಳು. ನಾನು ಕಾಪುವಿಗೆ ಬಂದಾಗ ಹೈಸ್ಕೂಲಿನಲ್ಲಿದ್ದಳು, ಆಮೇಲೆ ಉಡುಪಿಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದಿದಳು. ತರಬೇತಿಯ ದಿನ ಹಿಂದೆ ಕೂತು ಕೇಳುತ್ತಿದ್ದವಳು, ಒಂದು ಸಂಜೆ ಕಾಲೇಜಿನಿಂದ ಬರುವಾಗ ನೇರ ನನ್ನ ಕಚೇರಿಗೆ ಬಂದು, "ಸರ್, ನಂಗ್ ಅಂತ ಒಂದು ಚಪ್ಪಟೆ ಮೀನುಂಟಲ್ಲ, ಅದಕ್ಕೆ ಪುಸ್ತಕದಲ್ಲಿ ಎಂತ ಹೇಳ್ತಾರೆ?" ಎಂದು ಕೇಳಿದಳು. ಹೇಳಿದೆ. ಮರುದಿನ ಇನ್ನೊಂದು ಕೇಳಿದಳು. ಒಂದು ನೋಟ್ ಪುಸ್ತಕದಲ್ಲಿ ಎಡಕ್ಕೆ ಅವಳಿಗೆ ಗೊತ್ತಿದ್ದ ಹೆಸರು, ಬಲಕ್ಕೆ ನಾನು ಹೇಳಿದ ಹೆಸರು, ಕೆಳಗೆ ಆ ಮೀನು ಯಾವ ತಿಂಗಳಲ್ಲಿ ದಡಕ್ಕೆ ಬರುತ್ತದೆ, ಯಾವಾಗ ಮೊಟ್ಟೆ ತುಂಬಿಕೊಂಡಿರುತ್ತದೆ ಎಂಬುದೆಲ್ಲ ಬರೆದಿಡುತ್ತಿದ್ದಳು. ಕೆಳಗೆ ಬರೆದದ್ದರಲ್ಲಿ ಅರ್ಧ ನನಗೆ ಗೊತ್ತಿರಲಿಲ್ಲ. ಮೇಷ್ಟ್ರ ಗತ್ತಿನಲ್ಲಿ ತಲೆಯಾಡಿಸುತ್ತ ಕಲಿತುಕೊಂಡೆ.

ಎಂಬತ್ತರ ದಶಕ ಕಾಲಿಡುವ ಹೊತ್ತಿಗೆ ಅವಳು ಪಿಯುಸಿ ಪಾಸಾದಳು. ನಾನು ಓದಿದ ಕಾಲೇಜಿನಲ್ಲೇ ಓದಬೇಕೆಂದು ಹಟ ಹಿಡಿದಳು. ನನಗೂ ಹೆಮ್ಮೆ. ಅವಳ ಅಂಕಗಳಿಗೆ ಸಾಮಾನ್ಯ ಸೀಟು ಸಿಗುವಂತಿರಲಿಲ್ಲ. ಆದರೆ ಮೀನುಗಾರರ ಮಕ್ಕಳಿಗೆಂದು ಕೆಲವು ಸೀಟು ಬೇರೆ ಇಟ್ಟಿದ್ದರು. ಅದಕ್ಕೆ ಬೇಕಾದದ್ದು ಸ್ಥಳೀಯ ಮೀನುಗಾರಿಕೆ ಅಧಿಕಾರಿಯ ಪ್ರಮಾಣಪತ್ರ. ಅಂದರೆ ನನ್ನದು.

ಅರ್ಜಿಯಲ್ಲಿ ಒಂದು ಅಂಕಣವಿತ್ತು. ತಂದೆಯ ಹೆಸರಿನಲ್ಲಿರುವ ದೋಣಿ ಅಥವಾ ಬಲೆಯ ಪರವಾನಗಿ ಸಂಖ್ಯೆ ತುಂಬಬೇಕು. ಅಕ್ಕನ ಗಂಡನಿಗೆ ದೋಣಿ ಇರಲಿಲ್ಲ. ಬಲೆಯೂ ಅವನದ್ದಲ್ಲ. ಹುಟ್ಟಿದಾಗಿನಿಂದ ರಂಪಣಿ ಎಳೆದವನು. ಅಷ್ಟರಲ್ಲಿ ರಂಪಣಿಯೂ ಹೆಚ್ಚುಕಡಿಮೆ ನಿಂತಿತ್ತು. ಯಂತ್ರದ ಬೋಟುಗಳು ಹೊರಗಡಲಿನಲ್ಲೇ ಮೀನನ್ನು ಬಾಚಿಕೊಳ್ಳುತ್ತಿದ್ದವು. ಅಂಥ ಬೋಟು ತೆಗೆದುಕೊಳ್ಳಿ ಎಂದು ಊರೂರು ತಿರುಗಿ ಹೇಳಿದ್ದು ನಾವೇ. ರಂಪಣಿ ಬಲೆ ಚಪ್ಪರದಡಿ ಬಿದ್ದಿತ್ತು, ಅಕ್ಕನ ಗಂಡ ಮಲ್ಪೆಯಲ್ಲಿ ಬೇರೆಯವರ ಬೋಟಿಗೆ ಆಳಾಗಿ ಹೋಗುತ್ತಿದ್ದ.

ಅಕ್ಕ, ಮಗಳು, ರಂಪಣಿಯ ಹಿರಿಯರು, ಮೂವರೂ ಕಚೇರಿಗೆ ಬಂದರು. ಅಕ್ಕ ಅಂದು ಪೇಟೆಗೆ ಹೋಗಿರಲಿಲ್ಲ. ಮದುವೆಗೆ ಉಡುವ ಸೀರೆ ಉಟ್ಟಿದ್ದಳು.

"ನನ್ನ ಬಲೆಯ ನಂಬರು ಬರೆಯಿರಿ ಭಟ್ರೇ" ಎಂದರು ಹಿರಿಯರು. "ಬಲೆ ನನ್ನೊಬ್ಬನದ್ದಲ್ಲ, ಎಲ್ಲರದ್ದೂ. ಕಾಗದಕ್ಕೆ ಒಂದು ಹೆಸರು ಬೇಕಂತ ನನ್ನ ಹೆಸರು ಕೊಟ್ಟದ್ದು ಅಷ್ಟೇ. ಬೇಕಾದರೆ ನಾನು ಬರೆದುಕೊಡ್ತೇನೆ."

"ಪರವಾನಗಿ ತಂದೆಯ ಹೆಸರಲ್ಲೇ ಇರಬೇಕು ಅಂತ ಇಲ್ಲಿ ಉಂಟಲ್ಲ" ಎಂದೆ.

"ನೀವು ಹಗ್ಗ ಎಳೆದ ದಿನ ನಿಮಗೆ ಪಾಲು ಕೊಟ್ಟೆವು. ಯಾರಾದ್ರೂ ನಿಮ್ಮ ಹತ್ರ ನಂಬರು ಕೇಳಿದ್ರಾ?" ಎಂದಳು ಅಕ್ಕ.

ಉತ್ತರವಿಲ್ಲದವರು ಮಾಡುವುದನ್ನೇ ಮಾಡಿದೆ, ನಿಯಮದ ಪುಸ್ತಕ ತೆರೆದೆ. ಮೇಲಿನವರಿಗೆ ಬರೆದು ಕೇಳಬಹುದಿತ್ತು. ಹಿರಿಯರ ಹೇಳಿಕೆಯನ್ನು ಜೊತೆಗಿಟ್ಟು ಸಂಖ್ಯೆ ತುಂಬಿಸಬಹುದಿತ್ತು. ಆದರೆ ನನ್ನ ನೌಕರಿ ಕಾಯಂ ಆಗುವ ಕಡತ ಅದೇ ತಿಂಗಳು ಮೇಲಿನ ಕಚೇರಿಯ ಮೇಜಿನ ಮೇಲಿತ್ತು. ತಪ್ಪು ಪ್ರಮಾಣಪತ್ರ ಕೊಟ್ಟ ಯಾರಿಗೋ ನೋಟಿಸು ಬಂದ ಸುದ್ದಿ ಹಿಂದಿನ ವಾರವೇ ಕೇಳಿದ್ದೆ. ನನಗಾಗಿದ್ದದ್ದು ಹೆದರಿಕೆ. ಅದಕ್ಕೆ ಪ್ರಾಮಾಣಿಕತೆ ಎಂದು ಹೆಸರಿಟ್ಟುಕೊಂಡು ಪೆನ್ನು ತೆಗೆದೆ. ಪರವಾನಗಿ ಸಂಖ್ಯೆಯ ಎದುರು 'ಇಲ್ಲ' ಎಂದು ಬರೆದೆ. ತಂದೆಯ ಉದ್ಯೋಗದ ಎದುರು 'ಬೋಟಿನಲ್ಲಿ ಕೂಲಿ' ಎಂದು ಬರೆದೆ. ತಾಯಿಯ ಉದ್ಯೋಗ, 'ವ್ಯಾಪಾರ'. ಒಂದಕ್ಷರವೂ ಸುಳ್ಳಲ್ಲ. ಕೆಳಗೆ ಚಂದದ ಸಹಿ ಹಾಕಿ, ಮೊಹರು ಒತ್ತಿದೆ. ಮೂರು ತಲೆಮಾರು ಮೀನು ಹಿಡಿದ ಮನೆಯೊಂದು ನನ್ನ ಮೇಜಿನ ಮೇಲೆ ಐದು ನಿಮಿಷದಲ್ಲಿ ಮೀನುಗಾರರ ಮನೆಯಲ್ಲದಾಯಿತು. ಹಾಗೆ ತೀರ್ಮಾನ ಕೊಟ್ಟವನು ಮೀನು ತಿನ್ನದ ಭಟ್ಟ.

ಮಗಳು ಕಾಗದವನ್ನು ಓದಿ ನೋಡಿ ಮಡಚಿದಳು. ಅಕ್ಕ ಓದಲಾರಳು. ಮಗಳ ಮುಖ ನೋಡಿ ತಿಳಿದುಕೊಂಡಳು.

"ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅಂತ ಹೇಳ್ತಾರೆ. ಇವತ್ತು ಕಣ್ಣಾರೆ ನೋಡಿದೆ ಭಟ್ರೇ" ಎಂದಳು. ಬೈಗುಳದ ಧ್ವನಿ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಸಳೆ ನಿಂತಿತು. ಇಲಾಖೆಯಲ್ಲಿ ಮುಗಿಯಿತಾ ಎಂದು ಮನೆಯೊಡತಿ ಕೇಳಿದರು. ಮುಗಿಯಿತು ಎಂದೆ. ನನ್ನ ನೌಕರಿ ಕಾಯಂ ಆಯಿತು.

ಆ ಮಳೆಗಾಲ ಮುಗಿಯುವ ಮೊದಲು ಮಾವ ಪರ್ಕಳದಿಂದ ಒಂದೇ ಉಸಿರಿನಲ್ಲಿ ಬನ್ನಂಜೆಗೆ ಬಂದರು. ಅವರ ಮಗನಿಗೆ ನನ್ನದೇ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅವನು ಕಾಯುವವರ ಪಟ್ಟಿಯಲ್ಲಿ ಮೊದಲಿಗನಾಗಿದ್ದನಂತೆ.

"ಮೀನುಗಾರರ ಮಕ್ಕಳ ಸೀಟು ಒಂದು ಖಾಲಿ ಬಿತ್ತು ಮಾರಾಯ. ಸರಿಯಾದ ಅರ್ಜಿಯೇ ಬರಲಿಲ್ಲವಂತೆ, ಅದನ್ನು ಕಾಯುವವರ ಪಟ್ಟಿಗೆ ಬಿಟ್ಟರು. ಆ ಜನಕ್ಕೆ ಓದಿನ ಮೇಲೆ ಆಸೆ ಇಲ್ಲ, ಅಲ್ವಾ? ನೀನು ಅಲ್ಲೇ ಇರುವವ, ನಿನಗೆ ಗೊತ್ತುಂಟಲ್ಲ."

ನನಗೆ ಗೊತ್ತಿತ್ತು. ಭಾನುವಾರ ಕಾರ್ಕಳದ ಮನೆಯಲ್ಲಿ ಎಲ್ಲರೂ ಸೇರಿದರು, ಅಪ್ಪ ತಾವೇ ನಿಂತು ಕಡ್ಲೆಬೇಳೆ ಪಾಯಸ ಮಾಡಿದರು. ಮನೆಯಲ್ಲಿ ಇಬ್ಬಿಬ್ಬರು ಸಮುದ್ರದ ವಿದ್ವಾಂಸರಾದರು ಎಂದು ಅಮ್ಮನಿಗೆ ಸಂಭ್ರಮ. ಅದು ಆ ಹುಡುಗಿಯದ್ದೇ ಸೀಟು ಎಂದು ಯಾವ ಕಾಗದವೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ಅವಳದ್ದೇ. ಪಾಯಸ ಎರಡನೆಯ ಸಲ ಬಡಿಸುತ್ತ ಬಂದಾಗಲೂ ನಾನು ಬೇಡ ಎನ್ನಲಿಲ್ಲ.

ಅವಳು ಮತ್ತೆ ಅರ್ಜಿ ಹಾಕಲಿಲ್ಲ. ಮರುವರ್ಷ ನಾನೇ ಅರ್ಜಿ ಹಿಡಿದುಕೊಂಡು ಅವರ ಮನೆಗೆ ಹೋದೆ, ಈ ಸಲ ಮೇಲಿನವರಿಗೆ ಬರೆದು ಕೇಳುತ್ತೇನೆ ಎಂದೆ. ಕಾಯಂ ಆದವನ ಧೈರ್ಯ. ಅಷ್ಟರಲ್ಲಿ ಅವಳು ಸಿಗಡಿ ಸುಲಿಯುವ ಶೆಡ್ಡಿನಲ್ಲಿ ತೂಕ ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಅಕ್ಕ ನನಗೆ ಕೂರಲು ಮಣೆ ಕೊಟ್ಟು, ಬೆಲ್ಲ ನೀರು ಕೊಟ್ಟು, ಅರ್ಜಿಯನ್ನು ಮಾತ್ರ ವಾಪಸು ಕೊಟ್ಟಳು. "ಒಂದು ಸಲ ಕೇಳಿದ್ದು ಸಾಕು" ಎಂದಳು.

ಮಾವನ ಮಗ ಕೊನೆಯ ವರ್ಷಕ್ಕೆ ಬಂದಾಗ ಕ್ಷೇತ್ರಕಾರ್ಯಕ್ಕೆಂದು ಅವನನ್ನು ನನ್ನಲ್ಲಿಗೇ ಕಳುಹಿಸಿದರು. ಒಂದು ತಿಂಗಳಿನಲ್ಲಿ ಇಲ್ಲಿಯ ಮೀನುಗಳನ್ನು ಸಂಗ್ರಹಿಸಿ, ಬಾಟಲಿಗಳಲ್ಲಿ ಕೆಡದಂತೆ ಔಷಧಿ ಹಾಕಿಟ್ಟು, ಒಂದೊಂದರ ವಿವರವನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಅವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ದಡಕ್ಕೆ ಬರುತ್ತಿದ್ದ. ಮೀನಿನ ಬುಟ್ಟಿಗಳ ಹತ್ತಿರ ಹೋಗಲು ಅವನಿಗೆ ಆಗುತ್ತಿರಲಿಲ್ಲ. ನಾನೂ ಹಾಗೇ ಇದ್ದವನೇ, ಅವನನ್ನು ಬೈಯಲು ಬಾಯಿ ಬರಲಿಲ್ಲ. ಎರಡು ವಾರ ಕಳೆದರೂ ಬಾಟಲಿಗಳು ಖಾಲಿ. ಕೊನೆಗೆ ಲಜ್ಜೆ ಬಿಟ್ಟು ಅಕ್ಕನ ಮಗಳನ್ನೇ ಕೇಳಿದೆ. ಅವಳು ಕೈಯಲ್ಲಿದ್ದ ತೂಕದ ಪುಸ್ತಕ ಮುಚ್ಚಿ, "ಬಾಟಲಿ ಕೊಡಿ ಸರ್" ಎಂದಳು.

ಹತ್ತು ದಿನದಲ್ಲಿ ಎಲ್ಲ ಬಾಟಲಿ ತುಂಬಿದವು. ಶೆಡ್ಡಿನ ಕೆಲಸ ಮುಗಿಸಿ ಬಂದು, ಹಳೆಯ ನೋಟ್ ಪುಸ್ತಕ ತೆರೆದು, ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಯಾವ ತಿಂಗಳಲ್ಲಿ ಬರುತ್ತದೆ, ಯಾವಾಗ ಮೊಟ್ಟೆ ತುಂಬುತ್ತದೆ, ಎಲ್ಲ. 'ಸಂಗ್ರಹಿಸಿದವರು' ಎಂಬ ಅಂಕಣದಲ್ಲಿ ಪ್ರತಿ ಪುಟದಲ್ಲೂ ಅವನು ತನ್ನ ಹೆಸರು ಬರೆದ. ಕೊನೆಯಲ್ಲಿ, ಈ ವಿದ್ಯಾರ್ಥಿ ಇವನ್ನೆಲ್ಲ ತಾನೇ ಸಂಗ್ರಹಿಸಿ ಗುರುತಿಸಿದ್ದಾನೆ ಎಂದು ಪ್ರಮಾಣೀಕರಿಸಿ ನಾನು ಸಹಿ ಹಾಕಬೇಕಿತ್ತು. ಹಾಕಿದೆ. ಆಗ ನನಗೆ ಯಾವ ನಿಯಮದ ಪುಸ್ತಕವೂ ನೆನಪಾಗಲಿಲ್ಲ.

ಅವನು ಹಿಂದಿನ ಸಂಜೆಯೇ ಪರ್ಕಳಕ್ಕೆ ಹೋಗಿದ್ದ. ಪುಸ್ತಕ ಮತ್ತು ಬಾಟಲಿಗಳ ಪೆಟ್ಟಿಗೆಯನ್ನು ಮರುದಿನ ನಾನು ಕಾಲೇಜಿಗೆ ಮುಟ್ಟಿಸುವುದೆಂದಾಗಿತ್ತು. ಹುಡುಗಿ ಕಚೇರಿಗೆ ಬಂದು, ಒಮ್ಮೆ ನೋಡಬಹುದಾ ಎಂದು ಕೇಳಿ, ನಿಂತುಕೊಂಡೇ ಪುಟಗಳನ್ನು ತಿರುವಿದಳು. ನನ್ನ ಸಹಿಯನ್ನೂ ಓದಿದಳು. ಆ ಕ್ಷಣದಲ್ಲಿ ನನಗಾದಷ್ಟು ನಾಚಿಕೆ ನನ್ನ ಜನ್ಮದಲ್ಲಿ ಮತ್ತೆ ಆಗಿಲ್ಲ. ಆಮೇಲೆ ಒಂದು ಪುಟಕ್ಕೆ ಹಿಂದೆ ಹೋಗಿ, ಪೆಟ್ಟಿಗೆಯಿಂದ ಎರಡು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು.

"ಇದು ಬೂತಾಯಿ ಅಲ್ಲ ಸರ್, ಪೇಡಿ ಅಂತ ಬೇರೆ ಮೀನು. ಬೂತಾಯಿ ಇದು. ಅವರು ಚೀಟಿ ಅದಲುಬದಲು ಅಂಟಿಸಿದ್ದಾರೆ."

ನಾನು ಎರಡನ್ನೂ ತೆಗೆದುಕೊಂಡು ನೋಡಿದೆ. ಪ್ರಥಮ ದರ್ಜೆಯ ಪದವಿ, ಅಷ್ಟು ವರ್ಷದ ನೌಕರಿ. ಎರಡೂ ನನಗೆ ಒಂದೇ ಥರ ಕಂಡವು. ಚೀಟಿ ಕೀಳಲು ಹೋದೆ.

"ಇರಲಿ ಬಿಡಿ ಸರ್" ಎಂದಳು. "ನೋಡುವವರಿಗೂ ಗೊತ್ತಾಗಲಿಕ್ಕಿಲ್ಲ."

ಗೊತ್ತಾಗಲಿಲ್ಲ. ಆ ವರ್ಷ ಕ್ಷೇತ್ರಕಾರ್ಯದಲ್ಲಿ ಇಡೀ ತರಗತಿಯಲ್ಲೇ ಹೆಚ್ಚು ಅಂಕ ಬಂದದ್ದು ಮಾವನ ಮಗನಿಗೆ.